‘ಕನ್ನಡ’ದಲ್ಲಿ ಎಷ್ಟು ಅಕ್ಷರ? ಎಣಿಸೋಕೆ ಎಷ್ಟು ಲೈಬ್ರರಿ?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಡಿಪೆಂಡೆನ್ಸಿ ಬಗ್ಗೆಯೇ ಇವೆ, ಅಂದರೆ ನಮ್ಮ ಕೋಡ್ ನೆಚ್ಚಿಕೊಳ್ಳುವ ಬೇರೆಯವರ ಲೈಬ್ರರಿಗಳ (ಸಿದ್ಧ ಕೋಡ್‌ಗಳ) ಬಗ್ಗೆ. ಹಾಗಾಗಿ ಉಳಿದವನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಲ್ಯಾಪ್‌ಟಾಪ್ ಮೇಲೆ ಕಷಾಯ ಚೆಲ್ಲಿಕೊಂಡ ಚಿಂತಾಮಣಿಯ ಓದುಗರು ಕ್ಷಮಿಸಬೇಕು. ಅಷ್ಟರಲ್ಲಿ ಒಣಗಿರುತ್ತೆ ಅಂದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಾನು ಎಂಜಿನಿಯರಿಂಗ್ ಕೊನೇ ವರ್ಷ. ಅಪ್ಪ ಕನ್ನಡ ಮೇಷ್ಟ್ರು. ಪದ್ಯದ ಸಾಲು ಕೊಟ್ಟರೆ ಲಘು ಗುರು ಗುರುತಿಸಿ ಮಾತ್ರೆ ಲೆಕ್ಕ ಹೇಳುವ ಪುಟ್ಟ ಪೈಥಾನ್ ಲೈಬ್ರರಿಯನ್ನು ಅವರಿಗೋಸ್ಕರ ಬರೆದು, ಓಪನ್ ಸೋರ್ಸ್ ಮಾಡಿದೆ. ಅಕ್ಷರ ಬಿಡಿಸೋಕೆ ರೆಜೆಕ್ಸ್ ಪ್ಯಾಕೇಜ್, ಗಣಗಳ ಪಟ್ಟಿ ಓದೋಕೆ ಪಾಂಡಾಸ್, ಪದ್ಯವನ್ನು ನೆಟ್‌ನಿಂದ ತರೋಕೆ ರಿಕ್ವೆಸ್ಟ್ಸ್ ಹಾಕಿಕೊಂಡಿದ್ದೇನೆ. ಮೊನ್ನೆ ಯಾರೋ ‘ಮಾತ್ರೆ ಎಣಿಸೋಕೆ ಪಾಂಡಾಸ್ ಯಾಕೆ?’ ಅಂತ ಇಶ್ಯೂ ಹಾಕಿದ್ದಾರೆ. ಬೇಜಾರಾಯ್ತು. ಎಲ್ಲವನ್ನೂ ನಾನೇ ಬರೀಬೇಕಾ? ಎಷ್ಟು ಡಿಪೆಂಡೆನ್ಸಿ ಇದ್ದರೆ ಸರಿ?
— ವಿದ್ಯಾರ್ಥಿನಿ, ಹಾಸನ

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ. ಇಶ್ಯೂ ಹಾಕಿದ್ದಾರೆ ಅಂದರೆ ಇನ್‌ಸ್ಟಾಲ್ ಮಾಡಿ ನೋಡಿದ್ದಾರೆ. ನನ್ನ ಮೊದಲ ಲೈಬ್ರರಿಗೆ ಒಂದು ಇಶ್ಯೂ ಬರೋಕೆ ಎರಡು ವರ್ಷ ಹಿಡಿಯಿತು. ಅದನ್ನೂ ಹಾಕಿದ್ದು ನನ್ನ ತಮ್ಮ.

ಎಷ್ಟು ಅನ್ನೋದಕ್ಕೆ ಸಂಖ್ಯೆ ಇಲ್ಲ. ಆದರೆ ನೀವು ಬರೆದಿರುವುದು ಲೈಬ್ರರಿ, ಆ್ಯಪ್ ಅಲ್ಲ. ಆ್ಯಪ್ ಆಗಿದ್ದರೆ ಏನು ಹಾಕಿಕೊಂಡರೂ ನಿಮ್ಮ ಮನೆ ವಿಷಯ. ಲೈಬ್ರರಿಗೆ ಹಾಕಿಕೊಂಡದ್ದನ್ನು ಅದನ್ನು ಬಳಸುವ ಪ್ರತಿಯೊಬ್ಬರೂ ಹೊರಬೇಕಾಗುತ್ತೆ. ನೀವು ಕಳಿಸಿದ ಕೋಡ್ ಪೂರ್ತಿ ಓದಿದೆ. ಮೂರನ್ನೂ ಒಂದೊಂದಾಗಿ ನೋಡೋಣ.

ಪಾಂಡಾಸ್ ಸುಲಭ. ಎಂಟು ಗಣಗಳಿರುವ ಎಂಟು ಸಾಲಿನ ಸಿಎಸ್‌ವಿ ಫೈಲ್ ಓದೋಕೆ ಅದನ್ನು ಕರೆಸಿದ್ದೀರಿ. ಅದು ಒಂಟಿಯಾಗಿ ಬರಲ್ಲ. ಲೆಕ್ಕದ ನಮ್‌ಪೈ ಬರುತ್ತೆ, ತಾರೀಖಿನ ಡೇಟ್‌ಯುಟಿಲ್ ಬರುತ್ತೆ, ಡೇಟ್‌ಯುಟಿಲ್ ಬೆನ್ನಿಗೆ ಸಿಕ್ಸ್ ಅನ್ನೋ ಪ್ಯಾಕೇಜ್ ಬರುತ್ತೆ. ಈ ಸಿಕ್ಸ್ ಇರುವುದು ಪೈಥಾನ್ 2 ಮತ್ತು 3 ಎರಡರಲ್ಲೂ ಕೋಡ್ ಓಡಲಿ ಅಂತ. ಪೈಥಾನ್ 2 ನಿವೃತ್ತಿಯಾಗಿದ್ದು 2020ರ ಜನವರಿ 1ಕ್ಕೆ. ಪದ್ಯದ ಮಾತ್ರೆ ಎಣಿಸೋಕೆ ಹೊರಟವರ ಕಂಪ್ಯೂಟರಿಗೆ ಇದೂ ಹೋಗಿ ಕೂರುತ್ತೆ, ಸುಮ್ನೆ. ಪೈಥಾನ್ ಜೊತೆಗೇ ಸಿಎಸ್‌ವಿ ಓದುವ ಮಾಡ್ಯೂಲ್ ಬರುತ್ತೆ, ಅದೇ ಸಾಕಿತ್ತು. ನಿಜ ಹೇಳಬೇಕಂದ್ರೆ ಅದೂ ಬೇಡ. ಅಪ್ಪನನ್ನು ಕೇಳಿ, ‘ಯಮಾತಾರಾಜಭಾನಸಲಗಂ’ ಅಂತಾರೆ. ಹತ್ತು ಅಕ್ಷರ. ಯಾವ ಗಣ ಬೇಕೋ ಆ ಅಕ್ಷರದಿಂದ ಶುರು ಮಾಡಿ ಮೂರು ಅಕ್ಷರ ತೆಗೆದುಕೊಂಡರೆ ಲಘು ಗುರುಗಳ ಸಾಲು ಸಿಗುತ್ತೆ: ‘ಯಮಾತಾ’, ‘ಭಾನಸ’, ಹೀಗೆ. ನಿಮ್ಮ ಇಡೀ ಡೇಟಾಬೇಸ್ ಒಂದು ಸ್ಟ್ರಿಂಗ್‌ನಲ್ಲಿ ಕೂತಿದೆ.

ಪಾಂಡಾಸ್ ವಿಷಯದಲ್ಲಿ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ನಿಮ್ಮ ಮುಖ್ಯ ಫಂಕ್ಷನ್ ಡೇಟಾಫ್ರೇಮ್ (ಪಾಂಡಾಸ್ ಮಾಡಿಕೊಡುವ ಟೇಬಲ್) ವಾಪಸ್ ಕೊಡುತ್ತೆ. ಒಳಗೆ ಯಾವ ಪ್ಯಾಕೇಜ್ ಬಳಸಿದ್ರೂ ನಾಳೆ ತೆಗೆಯಬಹುದು, ಯಾರಿಗೂ ಗೊತ್ತಾಗಲ್ಲ. ಹೊರಗೆ ಕೊಡುವ ಉತ್ತರದಲ್ಲೇ ಅದು ಸೇರಿಕೊಂಡರೆ ಅದು ನೀವು ಜನಕ್ಕೆ ಕೊಟ್ಟ ಮಾತಾಗುತ್ತೆ. ಆಮೇಲೆ ತೆಗೆಯೋಕೆ ಹೋದರೆ ಬಳಸುತ್ತಿರುವವರ ಕೋಡ್ ಒಡೆಯುತ್ತೆ. ಅಕ್ಷರ, ಲಘುವೋ ಗುರುವೋ, ಎಷ್ಟು ಮಾತ್ರೆ — ಈ ಮೂರರ ಟಪಲ್‌ಗಳ ಲಿಸ್ಟ್ ಕೊಡಿ. ಡೇಟಾಫ್ರೇಮ್ ಬೇಕಾದವರು ತಾವೇ ಒಂದು ಸಾಲಲ್ಲಿ ಮಾಡಿಕೊಳ್ಳುತ್ತಾರೆ. ಇನ್ನೂ ಬಳಕೆದಾರರು ಕಡಿಮೆ ಇದ್ದಾರೆ ಅಲ್ವಾ, ಈಗಲೇ ಬದಲಾಯಿಸಿ.

ರೆಜೆಕ್ಸ್ ವಿಷಯಕ್ಕೆ ಸ್ವಲ್ಪ ಹೊತ್ತು ಬೇಕು. ‘ಕನ್ನಡ’ ಅನ್ನೋ ಪದದ ಉದ್ದ ಎಷ್ಟು ಅಂತ ಪೈಥಾನನ್ನು ಕೇಳಿದರೆ 5 ಅನ್ನುತ್ತೆ: ಕ, ನ, ಅರ್ಧಾಕ್ಷರದ ಚಿಹ್ನೆ (ಹಲಂತ), ಮತ್ತೊಂದು ನ, ಡ. ರೆಜೆಕ್ಸ್ ಪ್ಯಾಕೇಜಿಗೆ ಅಕ್ಷರ ಬಿಡಿಸು ಅಂದರೆ ಅದು ಯೂನಿಕೋಡ್‌ನ ಸಾಮಾನ್ಯ ನಿಯಮ ಹಿಡಿದು 4 ಅನ್ನುತ್ತೆ: ಕ, ನ್, ನ, ಡ. ಒಂದನೇ ಕ್ಲಾಸಿನ ಮಗುವನ್ನು ಕೇಳಿ, 3 ಅನ್ನುತ್ತೆ. ನಿಮಗೆ ಬೇಕಾಗಿರುವುದು ಮಗುವಿನ ಉತ್ತರ. ‘ನ್ನ’ ಒಂದೇ ಅಕ್ಷರ ಅಂತ ಗೊತ್ತಾದರೆ ತಾನೆ ಅದರ ಹಿಂದಿನ ‘ಕ’ ಗುರು ಆಗೋದು? ಗುರು, ಲಘು, ಲಘು, ಒಟ್ಟು ನಾಲ್ಕು ಮಾತ್ರೆ, ಭಗಣ. ರೆಜೆಕ್ಸ್ ಕೊಟ್ಟ ನಾಲ್ಕು ತುಂಡನ್ನು ಮತ್ತೆ ಅಂಟಿಸೋಕೆ ನೀವು ಮೂವತ್ತು ಸಾಲು ಬರೆದಿದ್ದೀರಿ. ಅಂದರೆ ಕೆಲಸ ನಿಮ್ಮದೇ, ಡಿಪೆಂಡೆನ್ಸಿ ಮಾತ್ರ ಎಕ್ಸ್‌ಟ್ರಾ.

ಇದರಲ್ಲಿ ಇನ್ನೊಂದು ಅಪಾಯವೂ ಇದೆ. 2023ರಲ್ಲಿ ಬಂದ ಯೂನಿಕೋಡ್ 15.1ರಲ್ಲಿ ಒತ್ತಕ್ಷರವನ್ನು ಒಡೆಯದೆ ಒಟ್ಟಿಗೇ ಹಿಡಿಯುವ ಹೊಸ ನಿಯಮ ಸೇರಿಸಿದರು. ದೇವನಾಗರಿ, ಬಂಗಾಳಿ, ತೆಲುಗು, ಮಲಯಾಳಂ ಎಲ್ಲಾ ಆ ಪಟ್ಟಿಯಲ್ಲಿದ್ದವು, ಕನ್ನಡ ಇರಲಿಲ್ಲ. ಮುಂದೆ ಎಂದಾದರೂ ಕನ್ನಡವೂ ಸೇರಿತು ಅಂದುಕೊಳ್ಳಿ, ಒಳ್ಳೇದೇ. ಆದರೆ ಅವತ್ತು ನಿಮ್ಮ ಕೋಡ್‌ನಲ್ಲಿ ಒಂದಕ್ಷರ ಬದಲಾಗದೇ ಇದ್ದರೂ ಉತ್ತರ ಬದಲಾಗುತ್ತೆ. ನಿಮ್ಮ ಲೈಬ್ರರಿ ಇರುವುದೇ ಅಕ್ಷರ ಬಿಡಿಸೋಕೆ. ಆ ಕೆಲಸವನ್ನು ಬೇರೆಯವರ ಕೈಗೆ ಕೊಡಬಾರದು.

ನೀವೇ ಬರೆದರೆ ಹದಿನೈದಿಪ್ಪತ್ತು ಸಾಲಲ್ಲಿ ಮುಗಿಯುತ್ತೆ. ಒಂದೊಂದೇ ಕೋಡ್‌ಪಾಯಿಂಟ್ (ಯೂನಿಕೋಡ್ ನಂಬರ್ ಕೊಟ್ಟಿರುವ ಒಂದೊಂದು ಚಿಹ್ನೆ) ಓದುತ್ತಾ ಹೋಗಿ. ಕಾಗುಣಿತದ ಚಿಹ್ನೆ, ಹಲಂತ, ಅನುಸ್ವಾರ, ವಿಸರ್ಗ ಬಂದರೆ ಹಿಂದಿನ ಅಕ್ಷರಕ್ಕೆ ಅಂಟಿಸಿ. ವ್ಯಂಜನ ಬಂದಾಗ ಅದರ ಹಿಂದೆಯೇ ಹಲಂತ ಇದ್ದರೆ ಆಗಲೂ ಅಂಟಿಸಿ, ಇಲ್ಲದಿದ್ದರೆ ಹೊಸ ಅಕ್ಷರ ಶುರು. ‘ರಾಜ್‌ಕುಮಾರ್’ನಲ್ಲಿ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ, ಒತ್ತಕ್ಷರ ಆಗದಂತೆ ತಡೆಯುವ ನಾನ್‌ಜಾಯಿನರ್ ಕೂತಿರುತ್ತೆ. ‘ರ‍್ಯಾಂಕ್’ನಲ್ಲಿ ರ ಆದ ಮೇಲೆ ಜಾಯಿನರ್ ಇರುತ್ತೆ. ಈ ಎರಡನ್ನೂ ಹಿಂದಿನದಕ್ಕೇ ಅಂಟಿಸಿದರೆ ಮೊದಲನೆಯದು ತಾನಾಗಿ ಬೇರೆಯಾಗುತ್ತೆ, ಎರಡನೆಯದು ತಾನಾಗಿ ಸೇರುತ್ತೆ. ಪೇಪರ್ ಮೇಲೆ ಒಮ್ಮೆ ಬರೆದು ನೋಡಿ, ಖುಷಿಯಾಗುತ್ತೆ.

ಒಂದನ್ನು ಮಾತ್ರ ನೀವು ಬರೆಯಬೇಡಿ. ‘ಕೊ’ದಲ್ಲಿರುವ ಒತ್ವವನ್ನು ಕೆಲವು ಕಡೆ ಒಂದೇ ಕೋಡ್ ಆಗಿ, ಕೆಲವು ಕಡೆ ಎತ್ವ ಮತ್ತು ಊತ್ವದ ಎರಡು ತುಂಡಾಗಿ ಬರೆದಿರುತ್ತಾರೆ. ನೋಡೋಕೆ ಎರಡೂ ಒಂದೇ. ಅದನ್ನು ಒಂದೇ ರೂಪಕ್ಕೆ ತರೋದು ಯೂನಿಕೋಡ್ ನಾರ್ಮಲೈಸೇಶನ್, ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲೇ ಇದೆ. ಆ ಪಟ್ಟಿಯನ್ನು ಕೈಯಾರೆ ಬರೆಯೋಕೆ ಹೋಗಿ ಒಂದು ಭಾನುವಾರ ಕಳೆದುಕೊಂಡವಳು ನಾನು. ಹಾಗೇ ಗುಪ್ತಲಿಪಿ, ಟೈಮ್‌ಝೋನ್, ಪಿಡಿಎಫ್ ಓದೋದು, ಇವನ್ನು ಯಾರೂ ಮನೆಯಲ್ಲಿ ಮಾಡಿಕೊಳ್ಳಬಾರದು.

ಉಳಿದದ್ದು ರಿಕ್ವೆಸ್ಟ್ಸ್. ಒಳ್ಳೇ ಲೈಬ್ರರಿ, ದೂರಿಲ್ಲ. ಆದರೆ ಛಂದಸ್ಸಿನ ಲೈಬ್ರರಿ ನೆಟ್‌ಗೆ ಯಾಕೆ ಹೋಗಬೇಕು? ಪದ್ಯವನ್ನು ಸ್ಟ್ರಿಂಗ್ ಆಗಿ ತೆಗೆದುಕೊಳ್ಳಿ. ಅದು ಫೈಲಿಂದ ಬಂತೋ ನೆಟ್‌ನಿಂದ ಬಂತೋ ಅಪ್ಪ ಟೈಪ್ ಮಾಡಿದರೋ ನಿಮಗೆ ಬೇಡ. ತರುವ ಕೆಲಸ ಇರಲೇಬೇಕು ಅನಿಸಿದರೆ ‘ಎಕ್ಸ್‌ಟ್ರಾಸ್’ ಮಾಡಿ. ಬೇಕು ಅಂತ ಕೇಳಿದವರಿಗೆ ಮಾತ್ರ ರಿಕ್ವೆಸ್ಟ್ಸ್ ಇನ್‌ಸ್ಟಾಲ್ ಆಗಲಿ. ಇಶ್ಯೂ ಹಾಕಿದವರಿಗೆ ಒಂದು ಥ್ಯಾಂಕ್ಸ್ ಬರೆದು ಮುಚ್ಚಿ.

ಪ್ರಶ್ನೆ: ಲೆಫ್ಟ್‌ಪ್ಯಾಡ್ ಕತೆ ಓದಿದಾಗಿನಿಂದ ಭಯ. 2016ರ ಮಾರ್ಚ್‌ನಲ್ಲಿ ಒಬ್ಬರು ಹನ್ನೊಂದು ಸಾಲಿನ ಆ ಪ್ಯಾಕೇಜನ್ನು ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರವಾದ ಎನ್‌ಪಿಎಂನಿಂದ ವಾಪಸ್ ತೆಗೆದರು, ಜಗತ್ತಿನ ಬಿಲ್ಡ್‌ಗಳೆಲ್ಲಾ ನಿಂತವಂತೆ. ನಾನು ನನ್ನ ಲೈಬ್ರರಿಯಲ್ಲಿ ಎಲ್ಲಾ ಡಿಪೆಂಡೆನ್ಸಿಗೂ ಒಂದೇ ವರ್ಷನ್ ಪಿನ್ ಮಾಡಿಬಿಟ್ಟಿದ್ದೇನೆ. ಈಗ ಸೇಫ್ ಅಲ್ವಾ?
— ಫ್ರೀಲಾನ್ಸ್ ಡೆವಲಪರ್, ಮಂಗಳೂರು

ಉತ್ತರ: ಅಲ್ಲ. ಲೆಫ್ಟ್‌ಪ್ಯಾಡ್‌ನಿಂದಲೂ ಅಲ್ಲ. ಅವತ್ತು ಪ್ಯಾಕೇಜೇ ಇರಲಿಲ್ಲವಲ್ಲ, ಪಿನ್ ಮಾಡಿದವರೂ ನಿಂತರು. ಉಳಿದವರು ತಮ್ಮ ಹತ್ತಿರ ಕಾಪಿ ಇಟ್ಟುಕೊಂಡವರು. ಆಮೇಲೆ ಎನ್‌ಪಿಎಂ ನಿಯಮ ಬಿಗಿ ಮಾಡಿತು, ಈಗ ಹಾಗೆ ಏಕಾಏಕಿ ತೆಗೆಯೋಕೆ ಆಗಲ್ಲ.

ಪಿನ್ ಮಾಡೋದು ಆ್ಯಪ್‌ಗೆ ಬೇಕೇ ಬೇಕು. 2022ರ ಫೆಬ್ರುವರಿಯಲ್ಲಿ ಮಾರ್ಕಪ್‌ಸೇಫ್ ಅನ್ನೋ ಪುಟ್ಟ ಪೈಥಾನ್ ಪ್ಯಾಕೇಜಿನ 2.1 ಬಂತು. ಹಿಂದೆಯೇ ಎಚ್ಚರಿಕೆ ಕೊಟ್ಟಿದ್ದ ‘ಸಾಫ್ಟ್ ಯೂನಿಕೋಡ್’ ಫಂಕ್ಷನನ್ನು ಅದರಲ್ಲಿ ತೆಗೆದುಹಾಕಿದ್ದರು. ವೆಬ್ ಪುಟ ತಯಾರಿಸುವ ಹಳೇ ಜಿಂಜಾ 2.11 ಅದನ್ನೇ ನಂಬಿಕೊಂಡಿತ್ತು. ಜಿಂಜಾವನ್ನು ಮಾತ್ರ ಪಿನ್ ಮಾಡಿ, ಅದರ ಕೆಳಗಿನ ಮಾರ್ಕಪ್‌ಸೇಫನ್ನು ಬಿಟ್ಟವರ ಸೈಟ್‌ಗಳು ಹೊಸದಾಗಿ ಡೆಪ್ಲಾಯ್ ಮಾಡಿದ ತಕ್ಷಣ ಬಿದ್ದವು. ಆವತ್ತು ನನ್ನ ಒಬ್ಬ ಗಿರಾಕಿ, ತೆಂಗಿನಕಾಯಿ ಮಂಡಿಯವರು, ‘ನಿನ್ನೆ ಇತ್ತು, ಇವತ್ತಿಲ್ಲ, ನೀವೇನೂ ಮುಟ್ಟಿಲ್ಲ ಅಂತೀರಿ’ ಅಂತ ಫೋನಿನಲ್ಲಿ ಬೈದದ್ದು ಇನ್ನೂ ಕಿವಿಯಲ್ಲಿದೆ. ಅದಕ್ಕೇ ಲಾಕ್ ಫೈಲ್ ಇರೋದು. ತಳದವರೆಗೂ ಪ್ರತಿ ಪ್ಯಾಕೇಜಿನ ವರ್ಷನ್, ಸಾಧ್ಯವಾದರೆ ಹ್ಯಾಶ್ (ಫೈಲಿನ ಬೆರಳಚ್ಚು) ಕೂಡ ಅದರಲ್ಲಿರಬೇಕು.

ಲೈಬ್ರರಿಗೆ ಇದು ಉಲ್ಟಾ. ನೀವು ಎಕ್ಸ್ ಪ್ಯಾಕೇಜಿನ 1.4.2 ಮಾತ್ರ ಅಂತೀರಿ, ಇನ್ನೊಂದು ಲೈಬ್ರರಿ 1.4.3 ಮಾತ್ರ ಅನ್ನುತ್ತೆ. ಪೈಥಾನ್‌ನಲ್ಲಿ ಒಂದು ಪರಿಸರದಲ್ಲಿ ಒಂದೇ ವರ್ಷನ್ ಇರೋಕೆ ಸಾಧ್ಯ. ಇಬ್ಬರನ್ನೂ ಬಳಸುವವರು ನಡುವೆ ಸಿಕ್ಕಿಕೊಳ್ಳುತ್ತಾರೆ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಹಳೇ ಪುಸ್ತಕಗಳ ಸ್ಕ್ಯಾನ್ ಪುಟವನ್ನು ಸಾಲು ಸಾಲಾಗಿ ಕತ್ತರಿಸುವ ಒಂದು ಸಣ್ಣ ಲೈಬ್ರರಿ ನನ್ನದು. ಅದರಲ್ಲಿ ‘ನಮ್‌ಪೈ 2ಕ್ಕಿಂತ ಕಡಿಮೆ ಇರಲಿ’ ಅಂತ ಮೇಲ್ಮಿತಿ ಹಾಕಿದ್ದೆ. ನಮ್‌ಪೈ 2 ಇನ್ನೂ ಹುಟ್ಟೇ ಇರಲಿಲ್ಲ, ಏನಾಗುತ್ತೋ ಏನೋ ಅಂತ ಮುಂಜಾಗ್ರತೆ. 2024ರ ಜೂನ್ 16ಕ್ಕೆ ಅದು ಹುಟ್ಟಿತು. ಆಗಸ್ಟ್ ಹೊತ್ತಿಗೆ ನನ್ನ ಬಳಕೆದಾರರೊಬ್ಬರು, ನಿವೃತ್ತ ಲೈಬ್ರರಿಯನ್, ಬೇರೊಂದು ಪ್ಯಾಕೇಜಿಗೋಸ್ಕರ ನಮ್‌ಪೈ 2 ಹಾಕಿಕೊಂಡಿದ್ದರು. ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಪಿಪ್ ‘ಆಗಲ್ಲ’ ಅಂತ ಅರ್ಧ ಪುಟ ಕೆಂಪಕ್ಷರ ಉಗುಳಿತು. ಅವರು ನನಗೆ ಫೋನ್ ಮಾಡಿದಾಗ ನಾನು ಸಿದ್ದಾಪುರದ ಹತ್ತಿರ ಅಜ್ಜಿಮನೆಯಲ್ಲಿದ್ದೆ. ಮಳೆ. ನೆಟ್‌ವರ್ಕ್ ಬೇಕಂದ್ರೆ ದರೆ ಹತ್ತಿ ಗೇರುಮರದ ಪಕ್ಕ ನಿಲ್ಲಬೇಕು. ಒಂದು ಕೈಯಲ್ಲಿ ಕೊಡೆ, ಲ್ಯಾಪ್‌ಟಾಪ್ ಕೊಟ್ಟೆಗೆಯ ಗೋಣಿಚೀಲದೊಳಗೆ. ಆ ಮಿತಿ ತೆಗೆದು ಟೆಸ್ಟ್ ಓಡಿಸಿದರೆ ಎಲ್ಲಾ ಪಾಸ್! ನನ್ನ ಕೋಡಿಗೆ ನಮ್‌ಪೈ 2ರಿಂದ ಏನೂ ಆಗುತ್ತಿರಲಿಲ್ಲ. ಎರಡು ತಿಂಗಳು ಜನರನ್ನು ಹೊರಗೆ ನಿಲ್ಲಿಸಿದ್ದು ನನ್ನ ಮುಂಜಾಗ್ರತೆ ಮಾತ್ರ.

ಹಾಗಂತ ಮೇಲ್ಮಿತಿ ಯಾವತ್ತೂ ತಪ್ಪು ಅಲ್ಲ. ನಮ್‌ಪೈ ಜೊತೆ ಸಿ ಭಾಷೆಯಲ್ಲಿ ಕಂಪೈಲ್ ಆಗಿ ಬೆಸೆದುಕೊಂಡ ಪ್ಯಾಕೇಜ್‌ಗಳು 2.0 ಬಂದಾಗ ನಿಜವಾಗಿಯೂ ಒಡೆದವು, ಅವರು ಮಿತಿ ಹಾಕಿದ್ದು ಸರಿ. ಒಡೆಯುತ್ತೆ ಅಂತ ಗೊತ್ತಿದ್ದರೆ ಹಾಕಿ. ಕೆಳಮಿತಿ ಮಾತ್ರ ಯಾವಾಗಲೂ ಇರಲಿ, ಆ ಕೆಳಗಿನ ವರ್ಷನ್ ಮೇಲೂ ಟೆಸ್ಟ್ ಓಡಲಿ. ಬಹಳ ಜನ ಹೊಸ ವರ್ಷನ್ ಮೇಲೆ ಮಾತ್ರ ಟೆಸ್ಟ್ ಮಾಡಿ, ಕೆಳಮಿತಿ ಅಂತ ಬಾಯಿಗೆ ಬಂದ ನಂಬರ್ ಬರೆದಿರುತ್ತಾರೆ.

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಎಕ್ಸ್‌ಝಡ್ ಪ್ರಕರಣ ಆದಮೇಲೆ ಪ್ರತಿ ಓಪನ್ ಸೋರ್ಸ್ ಪ್ಯಾಕೇಜಿಗೂ ಫಾರ್ಮ್ ತುಂಬಬೇಕು. ಫಾರ್ಮ್ ತುಂಬಿದರೆ ಅಂಥದ್ದು ಸಿಕ್ಕಿಬೀಳುತ್ತಾ?
— ಓದುಗರು, ಸ್ಟುಟ್‌ಗಾರ್ಟ್

ಉತ್ತರ: ಫಾರ್ಮಿಗೆ ಸಿಕ್ಕಿಬಿದ್ದದ್ದಲ್ಲ ಅದು. ಗೊತ್ತಿಲ್ಲದವರಿಗೆ ಎರಡು ಮಾತು. ಎಕ್ಸ್‌ಝಡ್ ಅಂದರೆ ಫೈಲ್ ಕುಗ್ಗಿಸುವ ಸಾಫ್ಟ್‌ವೇರ್. ಜಿಯಾ ಟಾನ್ ಅನ್ನೋ ಹೆಸರಿನವರು ಎರಡು ವರ್ಷಕ್ಕೂ ಜಾಸ್ತಿ ಕಾಲ ಒಳ್ಳೇ ಕೆಲಸ ಮಾಡಿ, ಸುಸ್ತಾಗಿದ್ದ ಹಳೇ ಮೇಂಟೇನರ್‌ನ ನಂಬಿಕೆ ಗಳಿಸಿ, 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು ಇಟ್ಟರು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್ ಆಂಡ್ರೆಸ್ ಫ್ರೊಯಿಂಡ್‌ಗೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಹೋಗುವ) ಲಾಗಿನ್ ಅರ್ಧ ಸೆಕೆಂಡ್ ನಿಧಾನ ಅನಿಸಿತು. ಅರ್ಧ ಸೆಕೆಂಡ್! ನಮ್ಮಲ್ಲಾದರೆ ‘ನೆಟ್ ಸ್ಲೋ’ ಅಂದುಕೊಂಡು ಕಾಫಿಗೆ ಹೋಗುತ್ತಿದ್ದೆವು. ಅವರು ಬೆನ್ನು ಹತ್ತಿ 2024ರ ಮಾರ್ಚ್ 29ರಂದು ಬಯಲು ಮಾಡಿದರು.

ಈ ಅಂಕಣಕ್ಕೆ ಬೇಕಾದ ಭಾಗ ಬೇರೆ ಇದೆ. ಲಾಗಿನ್ ಮಾಡಿಸುವ ಎಸ್‌ಎಸ್‌ಎಚ್ ಸರ್ವರಿಗೂ ಫೈಲ್ ಕುಗ್ಗಿಸುವ ಎಕ್ಸ್‌ಝಡ್‌ಗೂ ಏನು ಸಂಬಂಧ? ಮೂಲ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಯಾವ ಸಂಬಂಧವೂ ಇಲ್ಲ. ‘ನಾನು ಶುರುವಾದೆ’ ಅಂತ ಸಿಸ್ಟಮ್‌ಡಿಗೆ (ಸರ್ವರ್‌ಗಳನ್ನು ಶುರು ಮಾಡಿಸುವ ಪ್ರೋಗ್ರಾಂಗೆ) ಹೇಳೋಕೆ ಡೆಬಿಯನ್, ಫೆಡೋರಾದಂಥ ಕೆಲವು ಲಿನಕ್ಸ್‌ನವರು ತೇಪೆ ಹಾಕಿ ಲಿಬ್‌ಸಿಸ್ಟಮ್‌ಡಿ ಲೈಬ್ರರಿ ಸೇರಿಸಿದ್ದರು. ಆ ಲೈಬ್ರರಿ ಬೇರಾವುದೋ ಕೆಲಸಕ್ಕೆ ಎಕ್ಸ್‌ಝಡ್‌ನ ಲೈಬ್ರರಿಯನ್ನು ಎಳೆದುಕೊಂಡಿತ್ತು. ‘ಶುರುವಾದೆ’ ಅನ್ನೋದು ಒಂದು ಸಾಕೆಟ್‌ಗೆ ಒಂದು ಸಾಲು ಬರೆಯುವ ಕೆಲಸ, ಅಷ್ಟೇ. ಅದೇ ವರ್ಷ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8ರಲ್ಲಿ ಆ ಒಂದು ಸಾಲಿನ ಕೆಲಸವನ್ನು ಲಿಬ್‌ಸಿಸ್ಟಮ್‌ಡಿ ಹಂಗಿಲ್ಲದೆ ತಾವೇ ಬರೆದುಕೊಂಡರು. ಹಾಸನದ ಓದುಗರು ಇದನ್ನೂ ಓದಿ.

ಫಾರ್ಮಿನಲ್ಲಿ ಒಂದು ಕಾಲಂ ಸೇರಿಸಿ ಅಂತ ನಿಮ್ಮ ಸೆಕ್ಯೂರಿಟಿಯವರಿಗೆ ಹೇಳಿ: ‘ಈ ಪ್ಯಾಕೇಜಿನಲ್ಲಿ ನಾವು ಬಳಸುವುದು ಎಷ್ಟು?’ ನೂರು ಫಂಕ್ಷನ್ ಇದ್ದು ಒಂದನ್ನು ಬಳಸುತ್ತಿದ್ದರೆ ಅಲ್ಲಿ ಸ್ವಲ್ಪ ನಿಂತು ನೋಡಲಿ.

ಪ್ರಶ್ನೆ: ನನ್ನ ಕನ್ನಡ ಲಿಪ್ಯಂತರ ಲೈಬ್ರರಿಯನ್ನು ರಸ್ಟ್ ಭಾಷೆಯಲ್ಲಿ ತಿರುಗಿ ಬರೆದು ಒಬ್ಬರು ಪುಲ್ ರಿಕ್ವೆಸ್ಟ್ (ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ಕಳಿಸಿದ್ದಾರೆ. ಬಹಳ ಫಾಸ್ಟ್ ಅಂತೆ. ಮರ್ಜ್ ಮಾಡಲಾ?
— ಓದುಗರು, ಧಾರವಾಡ

ಉತ್ತರ: ನಿಮಗೆ ರಸ್ಟ್ ಬರುತ್ತಾ? ಪತ್ರದಲ್ಲಿ ಹೇಳಿಲ್ಲ. ಕಳಿಸಿದವರು ನಾಳೆ ಕೆಲಸ ಬದಲಾಯಿಸಿದರೆ ಆ ಕೋಡ್ ನಿಮ್ಮ ತಲೆಗೆ.

2021ರ ಫೆಬ್ರುವರಿಯಲ್ಲಿ ಪೈಥಾನ್‌ನ ಕ್ರಿಪ್ಟೋಗ್ರಫಿ ಲೈಬ್ರರಿ 3.4ರಲ್ಲಿ ರಸ್ಟ್ ತಂದಿತು. ಆಲ್ಪೈನ್ ಲಿನಕ್ಸ್‌ನಲ್ಲಿ ಬಿಲ್ಡ್ ಮಾಡುತ್ತಿದ್ದವರಿಗೆ ರೆಡಿ ವೀಲ್ (ಮೊದಲೇ ಕಂಪೈಲ್ ಮಾಡಿಟ್ಟ ಪ್ಯಾಕೇಜ್) ಇರಲಿಲ್ಲ, ರಸ್ಟ್ ಕಂಪೈಲರ್ರೂ ಇರಲಿಲ್ಲ. ದೊಡ್ಡ ಗಲಾಟೆ ಆಯಿತು. ನನ್ನ ಮಟ್ಟಿಗೆ ಅವರು ಮಾಡಿದ್ದು ಸರಿ. ಗುಪ್ತಲಿಪಿಯಲ್ಲಿ ಸಿ ಭಾಷೆಯ ಮೆಮೊರಿ ತಪ್ಪು ಅಂದರೆ ಜನರ ಗುಟ್ಟು ರಟ್ಟು. ಬಳಕೆದಾರರಿಗೆ ಅಷ್ಟು ತೊಂದರೆ ಕೊಡೋಕೆ ಅವರಿಗೆ ಕಾರಣ ಇತ್ತು. ‘ಕನ್ನಡ’ವನ್ನು ಬೇರೆ ಲಿಪಿಗೆ ತಿರುಗಿಸೋದು ಹತ್ತು ಪಟ್ಟು ಫಾಸ್ಟ್ ಆಗಬೇಕು ಅಂತ ನಿಮ್ಮ ಬಳಕೆದಾರರಲ್ಲಿ ಯಾರಾದರೂ ಕೇಳಿದ್ದಾರಾ? ಕೇಳಿದ್ದರೆ ಅದನ್ನು ಬೇರೆ ಪ್ಯಾಕೇಜ್ ಮಾಡಿ, ಇದ್ದರೆ ಬಳಸಲಿ, ಇಲ್ಲದಿದ್ದರೆ ಹಳೇ ಪೈಥಾನ್ ಕೋಡ್ ಓಡಲಿ. ಕೇಳಿಲ್ಲದಿದ್ದರೆ ಪ್ರೀತಿಯಿಂದ ಬೇಡ ಅನ್ನಿ.

ಪ್ರಶ್ನೆ: ನನ್ನ ಲೈಬ್ರರಿಗೆ ಒಂದೂ ಡಿಪೆಂಡೆನ್ಸಿ ಇಲ್ಲ. ಬೇಕಾದ ನಾಲ್ಕು ಪ್ಯಾಕೇಜ್‌ಗಳ ಕೋಡನ್ನು ಕಾಪಿ ಮಾಡಿ ನನ್ನ ಫೋಲ್ಡರ್ ಒಳಗೇ ಇಟ್ಟಿದ್ದೇನೆ. ಇದೇ ಬೆಸ್ಟ್ ಅಲ್ವಾ?
— ಓದುಗರು, ಮೈಸೂರು

ಉತ್ತರ: ಡಿಪೆಂಡೆನ್ಸಿ ಇಲ್ಲ ಅಂದಿರಿ, ನಾಲ್ಕು ಇವೆ ಅಂತಲೂ ಅಂದಿರಿ. ಪಟ್ಟಿಯಲ್ಲಿಲ್ಲ ಅಷ್ಟೇ. ಆ ನಾಲ್ಕರಲ್ಲಿ ಒಂದಕ್ಕೆ ನಾಳೆ ಸೆಕ್ಯೂರಿಟಿ ರಿಪೇರಿ ಬಂದರೆ ನಿಮ್ಮ ಬಳಕೆದಾರರಿಗೆ ಅದು ತಲುಪಲ್ಲ, ನೀವೇ ತಂದು ಹಾಕಬೇಕು. ರಿಕ್ವೆಸ್ಟ್ಸ್ ಲೈಬ್ರರಿಯೂ ಯುಆರ್‌ಎಲ್‌ಲಿಬ್3ಯನ್ನು ಹೀಗೇ ಹೊಟ್ಟೆಯೊಳಗೆ ಇಟ್ಟುಕೊಂಡಿತ್ತು, 2017ರಲ್ಲಿ ಬಿಟ್ಟಿತು. ಮತ್ತೆ ಆ ನಾಲ್ವರ ಲೈಸೆನ್ಸ್ ಫೈಲ್‌ಗಳೂ ಕೋಡ್ ಜೊತೆಗೆ ಬಂದಿವೆಯಾ ನೋಡಿ. ಕೋಡ್ ತಂದು ಲೈಸೆನ್ಸ್ ಬಿಟ್ಟು ಬರೋದು ನಮ್ಮಲ್ಲಿ ಜಾಸ್ತಿ.

ಇದನ್ನು ಸರಿಯಾಗಿ ಮಾಡುವವರೂ ಇದ್ದಾರೆ. ಪಿಪ್ ತನ್ನ ಡಿಪೆಂಡೆನ್ಸಿಗಳನ್ನೆಲ್ಲಾ ಒಳಗೇ ಕಾಪಿ ಇಟ್ಟುಕೊಂಡಿದೆ. ಪ್ಯಾಕೇಜ್ ಇನ್‌ಸ್ಟಾಲ್ ಮಾಡೋದೇ ಪಿಪ್, ಪಿಪ್‌ಗೆ ಬೇಕಾದ್ದನ್ನು ಯಾರು ಇನ್‌ಸ್ಟಾಲ್ ಮಾಡಬೇಕು? ಅದರ ವೆಂಡರ್ ಫೋಲ್ಡರ್‌ನಲ್ಲಿ ಒಂದು ಟೆಕ್ಸ್ಟ್ ಫೈಲ್ ಇದೆ. ಒಳಗಿಟ್ಟಿರುವ ಪ್ರತಿ ಪ್ಯಾಕೇಜಿನ ಹೆಸರು, ಮುಂದೆ ವರ್ಷನ್ ನಂಬರ್. ನಿಮ್ಮ ನಾಲ್ಕು ಪ್ಯಾಕೇಜ್ ಯಾವ ವರ್ಷನ್‌ನವು ಅಂತ ಪತ್ರದಲ್ಲಿ ಬರೆದಿಲ್ಲ. ಇನ್ನೂ ನೆನಪಿದ್ದರೆ ಇವತ್ತೇ ಅಂಥ ಒಂದು ಫೈಲ್ ಮಾಡಿ ಬರೆದಿಡಿ.